ಎಡಬಿಡಂಗಿಯ ಟ್ಯಾಂಕಿನಲ್ಲಿ ಕೆಂಪು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ನನಗಿನ್ನೂ ಬಗೆಹರಿದಿಲ್ಲ. ತೆರಿಗೆಯ ನಿಯಮದಿಂದ ಶುರು ಮಾಡಿದರೆ ನೀವು ಎರಡನೇ ಸಾಲಿಗೆ ಆಕಳಿಸುತ್ತೀರಿ. ಉಸಿರಾಟದ ಯಂತ್ರದಿಂದ ಶುರು ಮಾಡಿದರೆ, ಓಹೋ, ಅಳಿಸೋಕೆ ಹೊರಟಿದ್ದಾನೆ ಅಂದುಕೊಳ್ಳುತ್ತೀರಿ. ಲಾರಿಯಿಂದ ಶುರು ಮಾಡೋಣವೆಂದರೆ ನನಗೆ ಲಾರಿ ಓಡಿಸಲು ಬರುವುದಿಲ್ಲ. (ಸೈಕಲ್ಲಿನಲ್ಲೂ ಇಳಿಜಾರು ಬಂದರೆ ಇಳಿದು ತಳ್ಳುವ ಆಸಾಮಿ ನಾನು.)

ಆದರೂ ಲಾರಿಯೇ ಸರಿ. ಅದು ಆಗಲೇ ಬಂದು ನಿಂತಿದೆ.

೨

ಮಟಮಟ ಮಧ್ಯಾಹ್ನ, ತಪಾಸಣಾ ಗೇಟಿನ ಮುಂದೆ. ಓಡಿಸುವವಳು ಅಕ್ಕ. ಗೇಟಿನಲ್ಲಿ ಡೀಸೆಲ್ ಪರೀಕ್ಷೆ ಮಾಡುವವನು ಅವಳ ಒಡಹುಟ್ಟಿದ ತಮ್ಮ. ಅವಳ ಗಂಡ ಮನೆಯಲ್ಲಿ ಮಲಗಿದ್ದಾರೆ. ತಮ್ಮ ಅವರನ್ನು ಭಾವ ಅನ್ನುತ್ತಾನೆ, ನಾನೂ ಹಾಗೇ ಕರೆಯುತ್ತೇನೆ. ಇನ್ನೊಬ್ಬರು ಮೇಲಧಿಕಾರಿ ಮೇಡಂ. ಇವತ್ತು ತಮ್ಮನ ಪಕ್ಕದಲ್ಲಿ ನಿಂತು ಕೆಲಸ ನೋಡುತ್ತಿದ್ದಾರೆ. (ಮೇಡಂ, ನಿಮ್ಮನ್ನು ಕೆಟ್ಟವರನ್ನಾಗಿ ಮಾಡಿದ್ದ ಕರಡನ್ನು ಹರಿದುಹಾಕಿದ್ದೇನೆ. ನೀವಿಲ್ಲದಿದ್ದರೆ ತಮ್ಮ ಕೈಬೀಸಿ ಲಾರಿ ಕಳಿಸಿಬಿಡುತ್ತಿದ್ದ, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದಕ್ಕೇ ನಿಮ್ಮನ್ನು ನಿಲ್ಲಿಸಿಕೊಂಡಿದ್ದೇನೆ.)

೩

ಈಗ ನಿಯಮ. ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಬೇಗ ಮುಗಿಸುತ್ತೇನೆ.

ಬಂಕಿನಲ್ಲಿ ಎರಡು ಪಂಪು. ಒಂದರಲ್ಲಿ ತೆರಿಗೆ ಸೇರಿದ ಬಿಳಿ ಡೀಸೆಲ್, ರಸ್ತೆಯಲ್ಲಿ ಓಡುವ ಗಾಡಿಗಳಿಗೆ. ಇನ್ನೊಂದರಲ್ಲಿ ತೆರಿಗೆಯಿಲ್ಲದ್ದು, ನಿಂತಲ್ಲೇ ಕೆಲಸ ಮಾಡುವ ಜನರೇಟರುಗಳಿಗೆ. ಅಗ್ಗದ್ದೆಂದು ಯಾರೂ ಕದ್ದು ಲಾರಿಗೆ ಸುರಿಯದಿರಲಿ ಅಂತ ಇದಕ್ಕೆ ಕೆಂಪು ಬಣ್ಣ ಬೆರೆಸಿರುತ್ತಾರೆ. ಲಾರಿಯ ಟ್ಯಾಂಕಿನಲ್ಲಿ ಕೆಂಪು ಕಂಡರೆ ಲಾರಿ ಜಪ್ತಿ. ಯಾರು ಸುರಿದರು, ಯಾಕೆ ಸುರಿದರು ಎಂದು ನಿಯಮ ಕೇಳುವುದಿಲ್ಲ.

ಅಕ್ಕನದು ಹೈಬ್ರಿಡ್ ಲಾರಿ. ಒಳಗಿನ ಡೀಸೆಲ್ ಎಂಜಿನ್ ಚಕ್ರ ತಿರುಗಿಸುವುದಿಲ್ಲ, ಬರೀ ಕರೆಂಟ್ ಹುಟ್ಟಿಸುತ್ತದೆ. ಕರೆಂಟ್ ಬ್ಯಾಟರಿಗೆ ಹೋಗಿ, ಅಲ್ಲಿಂದ ಮೋಟಾರಿಗೆ ಹೋಗಿ, ಮೋಟಾರು ಚಕ್ರ ತಿರುಗಿಸುತ್ತದೆ. ಅಂದರೆ ರಸ್ತೆಯಲ್ಲಿದ್ದಾಗ ಅದು ಲಾರಿ, ಮನೆಯ ಮುಂದೆ ನಿಂತಾಗ ಜನರೇಟರು. ಎರಡಕ್ಕೂ ಒಂದೇ ಟ್ಯಾಂಕು. ನಿಯಮ ಬರೆದವರಿಗೆ ಮುಂದೆ ಇಂಥದ್ದೊಂದು ಗಾಡಿ ಹುಟ್ಟುತ್ತದೆಂದು ಗೊತ್ತಿರಲಿಲ್ಲ. ಭಾವ ಇದಕ್ಕೆ ಎಡಬಿಡಂಗಿ ಎಂದು ಹೆಸರಿಟ್ಟಿದ್ದಾರೆ.

೪

ಭಾವ ಲಾರಿಗಳಿಗೆ ಬಣ್ಣ ಹೊಡೆಯುತ್ತಿದ್ದರು. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ, ಮೂಗಿಗೆ ಕರವಸ್ತ್ರ ಕಟ್ಟಿಕೊಂಡು, ಸ್ಪ್ರೇ ಹಿಡಿದು. ಶ್ವಾಸಕೋಶ ಆ ಶೆಡ್ಡಿನಲ್ಲೇ ಹೋಯಿತು. ಈಗ ಮಂಚದ ಪಕ್ಕ ಆಕ್ಸಿಜನ್ ಯಂತ್ರವಿದೆ. ಆ ಬಡಾವಣೆಯಲ್ಲಿ ಕರೆಂಟ್ ಯಾವಾಗ ಬೇಕಾದರೂ ಹೋಗುತ್ತದೆ. ಹೋದಾಗ ಅಕ್ಕ ಲಾರಿಯಿಂದ ಒಂದು ದಪ್ಪ ವೈರನ್ನು ಕಿಟಕಿಯ ಸರಳಿನೊಳಗಿಂದ ಎಳೆದು ಯಂತ್ರಕ್ಕೆ ಕೊಡುತ್ತಾಳೆ. ಅವಳು ಬಾಡಿಗೆಗೆ ಹೋದಾಗ ಆಸರೆಗೆ ಒಂದು ಸಣ್ಣ ಸಿಲಿಂಡರು, ಅಷ್ಟೇ. ಅದಕ್ಕೇ ಅವಳು ದೂರದ ಬಾಡಿಗೆ ಒಪ್ಪುವುದಿಲ್ಲ. ಲಾರಿ ಜಪ್ತಿಯಾದರೆ ಏನಾಗುತ್ತದೆಂದು ಇನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

೪ (ಮತ್ತೆ)

ಮೊದಲ ಕರಡಿನಲ್ಲಿ, ಅಕ್ಕ ಬಡತನ ತಾಳಲಾರದೆ ಕೆಂಪು ಡೀಸೆಲ್ ಹಾಕಿಸುತ್ತಾಳೆ ಎಂದು ಬರೆದಿದ್ದೆ. ಗೇಟಿನಲ್ಲಿ ಸೆರಗೊಡ್ಡಿ ಅಳುತ್ತಿದ್ದಳು ಕೂಡ. ಅವಳು ಲಾರಿಯಿಂದ ಇಳಿದು ನೇರ ನನ್ನ ಟೇಬಲ್ಲಿನ ಹತ್ತಿರ ಬಂದಳು.

ಕೆಂಪು ಪಂಪಿನ ಹತ್ತಿರ ಕೂಡ ತಾನು ಗಾಡಿ ತಿರುಗಿಸಿದವಳಲ್ಲ, ಸೆರಗಂತೂ ಮೊದಲೇ ಇಲ್ಲ, ಪ್ಯಾಂಟು ಹಾಕುವವಳು, ನೋಡಿ ಬರೆಯಿರಿ ಎಂದಳು. ಮನೆ ಮುಂದೆ ನಿಂತು ಉರಿಸುವುದಕ್ಕೂ ತೆರಿಗೆ ಕಟ್ಟಿದ ಬಿಳಿಯನ್ನೇ ಹಾಕುತ್ತಾಳಂತೆ. ಗಂಡನ ಉಸಿರಿಗೂ ರಸ್ತೆಯ ತೆರಿಗೆ ಯಾಕಮ್ಮಾ ಕಟ್ಟುತ್ತೀಯ ಎಂದು ಕೇಳಿದೆ.

"ಒಂದೇ ಟ್ಯಾಂಕು ಅಲ್ವಾ. ತಮ್ಮ ಅದೇ ಕೆಲಸದಲ್ಲಿ ಇದಾನೆ. ನನ್ನಿಂದ ಅವನು ತಲೆ ತಗ್ಗಿಸೋ ಹಾಗೆ ಆಗಬಾರದು."

ಅವನಿಗೆ ಮುಜುಗರವಾಗದಿರಲಿ ಎಂದು ಅವಳು ಯಾವಾಗಲೂ ಪಕ್ಕದ ಲೇನಿನಲ್ಲೇ ಹೋಗುತ್ತಾಳೆ. ಇವತ್ತು ಆ ಲೇನು ಮುಚ್ಚಿದೆ. (ಮುಚ್ಚಿದವನು ನಾನೇ.)

೬

(ಐದನ್ನು ತೆಗೆದುಹಾಕಿದೆ. ಅದರಲ್ಲಿ ನಿಸರ್ಗ ವರ್ಣನೆಯಿತ್ತು.)

ತಮ್ಮ ಬೆಳಗ್ಗೆಯಿಂದ ನನ್ನ ಹಿಂದೆ ಬಿದ್ದಿದ್ದಾನೆ. ಅವನು ಹೇಳಿದ್ದನ್ನು ಹೇಳಿದಂತೆ ಬರೆಯುತ್ತೇನೆ.

ಹೋದ ವಾರ ರಜೆಯ ದಿನ ಅವನು ಅಕ್ಕನ ಮನೆಯಲ್ಲಿದ್ದ. ಅಕ್ಕ ಬಾಡಿಗೆ ಮುಗಿಸಿ ಬಂದು, ಊಟವನ್ನೂ ಮಾಡದೆ ನೆಲದ ಮೇಲೆಯೇ ನಿದ್ದೆಹೋಗಿದ್ದಳು. ಕರೆಂಟ್ ಹೋಯಿತು. ತಮ್ಮ ವೈರು ಎಳೆದು ಕೊಟ್ಟ. ಬ್ಯಾಟರಿ ಇಳಿದಿತ್ತು, ಟ್ಯಾಂಕು ತಳ ಕಂಡಿತ್ತು, ಸಿಲಿಂಡರು ತುಂಬಿಸಲು ಹೋಗಿತ್ತು. ಭಾವನ ತುಟಿ ನೀಲಿಗಟ್ಟತೊಡಗಿತು. ಹಿತ್ತಿಲ ಮೂಲೆಯಲ್ಲಿ ಮನೆಮಾಲೀಕರ ಕೆಟ್ಟುಹೋದ ಜನರೇಟರು, ಅದರ ಪಕ್ಕ ಅದಕ್ಕೆಂದು ತಂದಿಟ್ಟ ಕೆಂಪು ಡೀಸೆಲ್ಲಿನ ಕ್ಯಾನು. ತಮ್ಮ ಅದನ್ನೆತ್ತಿ ತಂದು ಎಡಬಿಡಂಗಿಯ ಟ್ಯಾಂಕಿಗೆ ಸುರಿದ. ಎಂಜಿನ್ ಹತ್ತಿಕೊಂಡಿತು. ಯಂತ್ರ ಗುಯ್ ಎಂದಿತು.

ಅಕ್ಕನಿಗೆ ಹೇಳಲಿಲ್ಲ. ಟ್ಯಾಂಕನ್ನು ಬರಿದು ಮಾಡಿ ತೊಳೆಯಬೇಕಿತ್ತು, ತೊಳೆಯಲಿಲ್ಲ. ಮೇಲೆ ಎರಡು ಸಲ ಬಿಳಿ ಬಿದ್ದರೆ ತಿಳಿಯಾಗುತ್ತದೆ ಅಂದುಕೊಂಡ. ಆ ಬಣ್ಣ ಅಷ್ಟು ಸುಲಭಕ್ಕೆ ಹೋಗದ ಹಾಗೆ ಮಾಡಿದ್ದೆಂದು ದಿನಾ ಲಾರಿಯವರಿಗೆ ಬುದ್ಧಿ ಹೇಳುವವನೇ ಅವನು. ಊರಿಗೆಲ್ಲ ಹೇಳುವ ಮಾತು ತನ್ನ ಮನೆಯ ಟ್ಯಾಂಕಿಗೆ ಅನ್ವಯಿಸುವುದಿಲ್ಲ ಎಂದು ಅವನಿಗೆ ಯಾಕೋ ಅನಿಸಿಬಿಟ್ಟಿತು.

೭

ಈಗ ಗೇಟು. ತಮ್ಮನ ಕೈಯಲ್ಲಿ ಉದ್ದನೆಯ ಗಾಜಿನ ಕೊಳವೆ. ಅದನ್ನು ಟ್ಯಾಂಕಿಗೆ ಇಳಿಸಿ, ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತಿದರೆ ಡೀಸೆಲ್ ಒಳಗೇ ನಿಲ್ಲುತ್ತದೆ. ಅದನ್ನು ಬಿಳಿ ತಟ್ಟೆಗೆ ಬಿಟ್ಟು ಬಣ್ಣ ನೋಡಬೇಕು.

ಅಕ್ಕ ತಾನೇ ಇಳಿದು ಟ್ಯಾಂಕಿನ ಮುಚ್ಚಳ ಬಿಚ್ಚಿದಳು. ಹೀಗೆ ಎಲ್ಲರೆದುರು ತಮ್ಮನ ಕೈಯಲ್ಲಿ ಪರೀಕ್ಷೆಯಾಗಲಿ ಎಂದು ಅವಳಿಗೆ ಒಳಗೊಳಗೇ ಆಸೆಯಿತ್ತೆಂದು ನನಗೆ ಈಗ ಗೊತ್ತಾಗುತ್ತಿದೆ. ಮುಖದಲ್ಲಿ ಸಣ್ಣ ಹೆಮ್ಮೆಯಿದೆ. ಅದನ್ನು ನೋಡಲು ನನಗೆ ಆಗುತ್ತಿಲ್ಲ.

ಒಂದನೇ ಕೊನೆ: ತಮ್ಮ ಹೆಬ್ಬೆರಳನ್ನು ಸಡಿಲ ಬಿಡುತ್ತಾನೆ. ಕೊಳವೆ ಖಾಲಿ ಬರುತ್ತದೆ. ಟ್ಯಾಂಕಿನಲ್ಲಿ ಏನೂ ಇಲ್ಲ ಮೇಡಂ ಅನ್ನುತ್ತಾನೆ. ಮೇಡಂ ಹೋಗಲಿ ಅನ್ನುತ್ತಾರೆ. ಆದರೆ ಟ್ಯಾಂಕು ಅರ್ಧ ತುಂಬಿದೆಯೆಂದು ಅಕ್ಕನಿಗೆ ಗೊತ್ತು. ತಮ್ಮ ಸುಳ್ಳು ಹೇಳಿದ್ದು ಅವಳಿಗೆ ಗೊತ್ತಾಯಿತು, ಯಾಕೆಂದು ಗೊತ್ತಾಗಲಿಲ್ಲ. ಆಮೇಲೆ ಮನೆಯಲ್ಲಿ ಇಬ್ಬರೂ ಬರೀ ಬಿಸಿಲಿನ ಬಗ್ಗೆ ಮಾತಾಡುತ್ತಾರೆ. ಹರಿದೆ.

ಎರಡನೇ ಕೊನೆ: ಅಷ್ಟರಲ್ಲಿ ಹೊಸ ಸುತ್ತೋಲೆ ಬರುತ್ತದೆ, ಹೈಬ್ರಿಡ್ ಗಾಡಿಗಳಿಗೆ ವಿನಾಯಿತಿ. (ನಗಬೇಡಿ. ಮನುಷ್ಯನಿಗೆ ಆಸೆ ಇರುತ್ತದೆ.) ಹರಿದೆ.

ಮೂರನೇ ಕೊನೆ: ತಟ್ಟೆ ಕೆಂಪಾಗುತ್ತದೆ. ಸುರಿದವನು ತಾನೇ ಎಂದು ತಮ್ಮ ಹೇಳುತ್ತಾನೆ. ಮೇಡಂ ಸ್ವಲ್ಪ ಹೊತ್ತು ತಟ್ಟೆಯನ್ನೇ ನೋಡಿ, ಕೀಲಿ ಇಸಿದುಕೊಳ್ಳಿ ಅನ್ನುತ್ತಾರೆ. ಅಕ್ಕ ಕೀಲಿ ಕೊಡುತ್ತಾಳೆ. ಲಾರಿಯ ಬಗ್ಗೆ ಒಂದು ಮಾತೂ ಆಡುವುದಿಲ್ಲ.

"ಅವತ್ತು ನನ್ನ ಯಾಕೆ ಎಬ್ಬಿಸಲಿಲ್ಲ ನೀನು?"

ಇದಕ್ಕೆ ತಮ್ಮನ ಉತ್ತರ ನನಗೆ ಗೊತ್ತು. ಅವಳು ಅಷ್ಟು ನಿದ್ದೆ ಮಾಡಿದ್ದನ್ನು ಅವನು ಎಷ್ಟೋ ತಿಂಗಳಿಂದ ನೋಡಿರಲಿಲ್ಲ. ಆದರೆ ಅದನ್ನು ಅವನ ಬಾಯಿಂದ ಹೇಳಿಸಲು ನನಗೆ ಆಗಲಿಲ್ಲ. ಈ ಹಾಳೆ ಹರಿಯಲಿಲ್ಲ, ಪಕ್ಕಕ್ಕಿಟ್ಟಿದ್ದೇನೆ.

೮

ಇಷ್ಟೆಲ್ಲ ಆದ ಮೇಲೆ, ಭಾವನನ್ನು ಒಂದು ಮಾತೂ ಕೇಳಿಲ್ಲವಲ್ಲ ಎಂದು ಹೊಳೆಯಿತು. ಮಲಗಿದವರಿಗೆ ಎಲ್ಲರೂ ಹಾಗೇ ಮಾಡುತ್ತಾರೆ, ನಾನೂ ಮಾಡಿದೆ. ಆ ಕೋಣೆಗೆ ಹೋದೆ. ಕಿಟಕಿಯ ಸರಳಿಗೆ ವೈರಿನ ತುದಿ ಸುತ್ತಿಟ್ಟಿತ್ತು. ಅವರ ಉಗುರಿನ ಸಂದಿಯಲ್ಲಿ ಇನ್ನೂ ಹಳೆಯ ಬಣ್ಣವಿತ್ತು.

ಅವರಿಗೆ ಎಲ್ಲ ಗೊತ್ತಿತ್ತು. ಅವತ್ತು ತಮ್ಮ ಕ್ಯಾನು ಎತ್ತಿದ್ದನ್ನು ಕಿಟಕಿಯಿಂದ ನೋಡಿದ್ದರು. ಬೇಡ ಅನ್ನಲು ಉಸಿರಿರಲಿಲ್ಲ. ಉಸಿರು ಬಂದ ಮೇಲೆ, ಹೇಗೆ ಹೇಳುವುದು ಅನಿಸಿತಂತೆ. ಕೆಂಪಿನ ಮೇಲೆ ಎಷ್ಟು ಸಲ ಬಿಳಿ ಹೊಡೆದರೂ ಒಳಗಿಂದ ಇಣುಕುತ್ತದೆ ಎಂದರು, ಬಣ್ಣ ಹೊಡೆಯುತ್ತಿದ್ದ ಕಸುಬಿನ ಮಾತಾಗಿ.

"ನಾನು ಸುರಿದೆ ಅಂತ ಬರೀರಿ."

ಬರೆದರೂ ಲಾರಿ ಉಳಿಯುವುದಿಲ್ಲ, ನಿಯಮಕ್ಕೆ ಯಾರು ಸುರಿದರೂ ಒಂದೇ ಎಂದೆ. ಅವರು ಸರಳಿಗೆ ಸುತ್ತಿಟ್ಟ ವೈರಿನ ಕಡೆ ನೋಡಿದರು.

"ಗಾಡಿ ಹೋದ್ರೆ ಹೋಗ್ಲಿ. ಅವಳಿಗೆ ತಮ್ಮ ಉಳೀಲಿ. ನನ್ನ ನಂತರ ಅವಳಿಗೆ ಇರೋನು ಅವನೊಬ್ಬನೇ."

ನೀವು ಮಂಚದಿಂದ ಏಳಲಾರಿರಿ, ಕ್ಯಾನು ಎತ್ತಿದಿರಿ ಅಂದರೆ ಯಾರು ನಂಬುತ್ತಾರೆ ಎಂದು ಕೇಳಿದೆ.

"ಕಥೆ ಬರೆಯೋರು ನೀವು. ನಂಬಿಸಿ."

೯

ಹಾಗಾಗಿ ಬರೆಯುತ್ತಿದ್ದೇನೆ.

ಭಾವ ಮೂಗಿನ ನಳಿಕೆ ತೆಗೆದು ದಿಂಬಿನ ಮೇಲಿಟ್ಟರು. ಎದ್ದು ಕೂತರು. ಕಾಲು ನೆಲಕ್ಕೆ ಬಿಟ್ಟರು. ಗೋಡೆ ಹಿಡಿದು ಹೊರಟರು. ನಿದ್ದೆಹೋಗಿದ್ದ ಅಕ್ಕನನ್ನು ತುಳಿಯದಂತೆ ಬಳಸಿ ನಡೆದರು. (ತಮ್ಮನನ್ನು ನಾನು ಅಂಗಡಿಗೆ ಕಳಿಸಿದ್ದೇನೆ.) ಕ್ಯಾನಿನ ಭಾರವನ್ನು ಅರ್ಧಕ್ಕೆ ಇಳಿಸಿದೆ, ಅಷ್ಟಾದರೂ ನನ್ನ ಕೈಲಾಗುತ್ತದೆ. ಅವರು ಮುಚ್ಚಳ ಬಿಚ್ಚಿದರು. ಸುರಿದರು. ಈಗ ಖಾಲಿ ಕ್ಯಾನು ಹಿಡಿದು ಎಡಬಿಡಂಗಿಗೆ ಒರಗಿ ನಿಂತಿದ್ದಾರೆ.

ಇಲ್ಲಿಯವರೆಗೆ ನೀವು ನಂಬಿದ್ದೀರಿ ಎಂದುಕೊಳ್ಳುತ್ತೇನೆ. ಆದರೆ ಅವರನ್ನು ವಾಪಸ್ಸು ಮಂಚಕ್ಕೆ ಕರೆದುಕೊಂಡು ಹೋಗುವ ವಾಕ್ಯ ನನಗೆ ಸಿಗುತ್ತಿಲ್ಲ. ಬರೆದಷ್ಟೂ ಸಲ ದಾರಿಯಲ್ಲೇ ಕುಸಿಯುತ್ತಾರೆ. ಅದಕ್ಕೇ ಇಲ್ಲಿ ನಿಲ್ಲಿಸಿದ್ದೇನೆ. ನಿಲ್ಲಿಸಿರುವಷ್ಟು ಹೊತ್ತು ಅವರು ನಿಂತಿರುತ್ತಾರೆ, ಅಲ್ಲಿ ಗೇಟಿನಲ್ಲಿ ಕೊಳವೆಯೂ ಟ್ಯಾಂಕಿನೊಳಗೇ ಇರುತ್ತದೆ, ತಮ್ಮನ ಹೆಬ್ಬೆರಳು ಅದರ ತುದಿಯಲ್ಲೇ ಇರುತ್ತದೆ. ಇದು ಕೊನೆಯಲ್ಲ. ಕೊನೆ ಬರೆಯುವುದಿಲ್ಲ ಎಂದು ಮೂವರಿಗೂ ಹೇಳಿದ್ದೇನೆ.

ತಮ್ಮ ತಲೆಯಾಡಿಸಿದ. ಭಾವ ಖಾಲಿ ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿದರು. ಅಕ್ಕ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಮುಚ್ಚಳ ಕೈಯಲ್ಲಿ ಹಿಡಿದು, ಮನೆಯ ದಿಕ್ಕಿಗೆ ಒಮ್ಮೆ ನೋಡಿ, ತಮ್ಮನ ಕಡೆ ತಿರುಗಿದಳು.

"ಬೇಗ ನೋಡೋ. ಮನೇಲಿ ಕರೆಂಟ್ ಇದೆಯೋ ಇಲ್ವೋ."