ಬಗ್ಗಿದ ಹಾಗೇ ಇರು

"ಮದುವೆ ತೋರ್ಸೋ ಅಂದ್ರೆ ಮಸಣ ತೋರ್ಸ್ತಿದೀಯಲ್ಲೋ ಬೋಳಿಮಗನೆ!"

ಧಣಿ ಕ್ಯಾಮೆರಾದ ಪುಟ್ಟ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದ. ಅವನ ಮಗಳ ಮದುವೆಯ ಔತಣದ ವಿಡಿಯೋ. ಪರದೆಯಲ್ಲಿ ಮೇಣದಬತ್ತಿಗಳ ಉರಿ ಬಿಟ್ಟರೆ ಮದುಮಗಳ ಅರ್ಧ ಕೆನ್ನೆ ಮಾತ್ರ ಕಾಣುತ್ತಿತ್ತು.

"ಬೆಳಕೇ ಇಲ್ಲ ಸರ್. ಮೇಲಿನ ದೀಪ ಎಲ್ಲ ಆರ್ಸಿಬಿಟ್ಟಿದಾರೆ. ಎರಡಾದ್ರೂ ಹಾಕ್ಸಿದ್ರೆ..." ಎಂದ ಕ್ಯಾಮೆರಾದವನು.

"ನಮ್ಮನೆಯವ್ರು ತಿಂಗಳುಗಟ್ಲೆ ತಲೆ ಕೆಡಿಸ್ಕೊಂಡು ಈ ಕತ್ತಲೆ ಮಾಡ್ಸಿರೋದು. ನಿನ್ ದೀಪಾನೂ ಹಚ್ಬೇಡ, ನೆಂಟರ ಕಣ್ಣಿಗೆ ಹೊಡೆಯುತ್ತೆ. ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ!"

ಸುತ್ತಲಿದ್ದವರು ನಕ್ಕರು. ಕ್ಯಾಮೆರಾದವನು ಬೆಳಗ್ಗೆಯಿಂದ ನಿಂತೇ ಇದ್ದ. ಕ್ಯಾಮೆರಾದ ಪಟ್ಟಿ ಹೆಗಲನ್ನು ಕೊರೆದಿತ್ತು. ಲೆನ್ಸನ್ನು ಆಗಲೇ ಪೂರ್ತಿ ತೆರೆದಿದ್ದ. ಕ್ಯಾಮೆರಾ ಬೆಳಕು ಹೀರುವ ಶಕ್ತಿಯನ್ನು ಇನ್ನೂ ಏರಿಸಿದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಳು, ಇಳಿಸಿದರೆ ಬರೀ ಮಸಿ. ಶಟರನ್ನು ನಿಧಾನ ಮಾಡುವುದೊಂದೇ ದಾರಿ. ಆಗ ಎದುರಿಗಿದ್ದವರು ಅಲ್ಲಾಡಬಾರದು. ಅಲ್ಲಾಡಿದ ಕೈ ಹೊಗೆಯಾಗಿಬಿಡುತ್ತದೆ.

ಧಣಿಯ ಫ್ಯಾಕ್ಟರಿಯ ಮ್ಯಾನೇಜರ್ ಬಣ್ಣದ ಕಾಗದ ಸುತ್ತಿದ ದೊಡ್ಡ ಡಬ್ಬಿ ಹಿಡಿದು ಬಂದ.

"ಈಗ ಧಣಿಗಳು ಫ್ಯಾಕ್ಟರಿಯ ಹಳೇ ಕೆಲಸದೋನಿಗೆ ಉಡುಗೊರೆ ಕೊಡ್ತಾರೆ. ಇದೊಂದಾದ್ರೂ ನೆಟ್ಟಗೆ ಬರ್ಲಿ. ಊರೆಲ್ಲ ನೋಡ್ಬೇಕು."

ಹಿಂದಿನ ಬಾಗಿಲಿನಿಂದ ಹಳೇ ಕೆಲಸದವನನ್ನು ಕರೆತಂದರು. ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ ಒಲೆ ಕಾದವನು. ಪಾಳಿಯ ಮಧ್ಯದಲ್ಲೇ ಎಳೆದು ತಂದಿದ್ದರು. ಮೈಮೇಲೆ ಯಾರದೋ ಅಂಗಿ, ತೋಳು ಗಿಡ್ಡ. ಹುಬ್ಬಿನಲ್ಲಿ ಇನ್ನೂ ಹಿಟ್ಟು.

ಕ್ಯಾಮೆರಾದವನ ಸ್ವಂತ ಅಣ್ಣ. ಅಪ್ಪ ಹೋದ ಮೇಲೆ ಇವನನ್ನು ಸಾಕಿದವನೇ ಅವನು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಣ್ಣ ಸಣ್ಣಗೆ ತಲೆಯಾಡಿಸಿದ: ನಾನು ಯಾರಂತ ಹೇಳಬೇಡ.

ಧಣಿ ಡಬ್ಬಿ ಚಾಚಿದ. ಅಣ್ಣ ಬಗ್ಗಿ ತೆಗೆದುಕೊಂಡ. ಪರದೆಯಲ್ಲಿ ಧಣಿಯ ಮುಖ ಚೆನ್ನಾಗಿ ಬಂದಿತ್ತು. ಅಣ್ಣನಿದ್ದ ಕಡೆ ಬೂದು ಬಣ್ಣದ ಹೊಗೆ.

"ಅಲ್ಲಾಡಿದ್ರಿ ಅಣ್ಣ," ಎಂದ ಕ್ಯಾಮೆರಾದವನು. "ಇನ್ನೊಂದ್ಸಲ. ಹತ್ತು ಎಣ್ಸೋ ತನಕ ಬಗ್ಗಿದ ಹಾಗೇ ಇರಿ."

ದಾರಿಯಲ್ಲಿ ಹೋಗುವವರನ್ನೂ ಅಣ್ಣ ಎನ್ನುವ ಜನ. ಧಣಿಗೆ ವ್ಯತ್ಯಾಸ ಗೊತ್ತಾಗಲಿಲ್ಲ.

ಡಬ್ಬಿಯನ್ನು ಮ್ಯಾನೇಜರ್‌ಗೆ ವಾಪಸ್ ಕೊಡಲು ಹೋಗುವಾಗ ಅಣ್ಣ ಕ್ಯಾಮೆರಾದ ಪಕ್ಕ ಒಂದು ಕ್ಷಣ ನಿಂತ. "ಇದ್ರಲ್ಲಿ ಏನೂ ಇಲ್ಲ ಕಣೋ," ಎಂದು ಪಿಸುಗುಟ್ಟಿದ.

ಮ್ಯಾನೇಜರ್ ಕೇಳಿಸಿಕೊಂಡ. "ವಿಡಿಯೋಗೆ ಇಷ್ಟು ಸಾಲ್ದೇನೋ? ಬಾಯ್ಮುಚ್ಕೊಂಡು ಬಗ್ಗು."

ಎರಡನೆಯ ಸಲ ಅಣ್ಣ ಬಗ್ಗಿ ನಿಂತ. ಒಲೆಬಾಯಿಗೆ ಬಗ್ಗಿ ಬಗ್ಗಿ ಸವೆದ ನಡು. ಕ್ಯಾಮೆರಾದವನು ಬೇಗ ಬೇಗ ಎಣಿಸಿದ. ಏಳಕ್ಕೆ ಅಣ್ಣ ಮುಗ್ಗರಿಸಿ ಧಣಿಯ ತೊಡೆ ಹಿಡಿದುಕೊಂಡ.

"ಥೂ, ಬಿಡೋ! ಹೊಸ ಬಟ್ಟೆ!" ಧಣಿ ಕಾಲು ಕೊಡವಿದ. "ಬಗ್ಗಕ್ಕೂ ಬರಲ್ವೇನೋ ಮುಂಡೇದೆ? ಅನ್ನ ಹಾಕಿದೋರಿಗೆ ಬಗ್ಗಕ್ಕೆ ಸೊಂಟ ನೋವಾ?"

ಯಾರೋ ಹೆಂಗಸು ಕರವಸ್ತ್ರ ಬಾಯಿಗೊತ್ತಿಕೊಂಡು ನಕ್ಕಳು.

"ಬಂದಿದೆ ಸರ್, ಸಾಕು," ಎಂದ ಕ್ಯಾಮೆರಾದವನು. ಬಂದಿರಲಿಲ್ಲ.

ಧಣಿ ಪರದೆ ನೋಡಿದ. "ಬಂದಿದೆಯಾ? ಇವನ ಮುಖವೇ ಇಲ್ವಲ್ಲೋ! ಇನ್ನೊಂದ್ಸಲ."

ಮ್ಯಾನೇಜರ್ ಅಣ್ಣನ ತೋಳು ಹಿಡಿದು ಕಿವಿಯ ಹತ್ತಿರ ಹೇಳಿದ: "ನಿನ್ ಮಗಳೂ ನಮ್ಮ ಪ್ಯಾಕಿಂಗಲ್ಲೇ ಅಲ್ವಾ? ನೆನಪಿಟ್ಕೊಂಡು ಬಗ್ಗು."

ಮೂರನೆಯ ಸಲ ಧಣಿ ಡಬ್ಬಿ ಚಾಚಿ ನಗುಮುಖ ಮಾಡಿದ. ಅಣ್ಣ ಎದುರು ಬಂದು ನಿಂತ. ಒಂದು ಕೈಯನ್ನು ನಡುವಿನ ಮೇಲಿಟ್ಟುಕೊಂಡು, ನೆಟ್ಟಗೆ ನಿಂತೇ ಇದ್ದ.

"ಬಗ್ಗೋ," ಎಂದ ಧಣಿ, ನಗು ಸಡಿಲಿಸದೆ.

"ಈ ಸಲ ನೀವೇ ಸ್ವಲ್ಪ ಬಗ್ಗಿ ಧಣಿ. ನನ್ ಕೈಲಾಗಲ್ಲ." ಅಣ್ಣನ ದನಿಯಲ್ಲಿ ಸಿಟ್ಟಿರಲಿಲ್ಲ, ಪಾಳಿ ಮುಗಿಸಿದವನ ದಣಿವಿತ್ತು. "ಡಬ್ಬಿ ಹಗುರಾಗೇ ಇದೆ. ಒಳಗೇನೂ ಇಲ್ವಲ್ಲ."

ನಗುತ್ತಿದ್ದ ಹೆಂಗಸು ಕರವಸ್ತ್ರ ಕೆಳಗಿಳಿಸಿದಳು. ತಟ್ಟೆ ಹಿಡಿದು ಓಡಾಡುತ್ತಿದ್ದ ಬಡಿಸುವವರು ಇದ್ದಲ್ಲೇ ನಿಂತರು. ಯಾರೂ ಅಲ್ಲಾಡಲಿಲ್ಲ. ಪರದೆಯಲ್ಲಿ ಅಣ್ಣನ ಹುಬ್ಬಿನ ಹಿಟ್ಟು, ಗಿಡ್ಡ ತೋಳಿನ ಕೆಳಗಿನ ಸುಟ್ಟ ಕಲೆಗಳು, ಚಾಚಿದ ಕೈಯಲ್ಲೇ ಉಳಿದ ಡಬ್ಬಿ, ಎಲ್ಲ ಮೂಡಿ ಬಂದವು.

"ಆಫ್ ಮಾಡೋ!" ಧಣಿ ಕಿರುಚಿದ. "ಕೇಳಿಸ್ತಿಲ್ವೇನೋ, ನಿನ್ನಜ್ಜಿ!"

ಕ್ಯಾಮೆರಾದವನು ಆಫ್ ಮಾಡಲಿಲ್ಲ. ಮ್ಯಾನೇಜರ್ ಓಡಿ ಬಂದು ಲೆನ್ಸಿನ ಮೇಲೆ ಅಂಗೈ ಒತ್ತಿದ. ಚಿತ್ರ ಕಪ್ಪಾಯಿತು. ದನಿ ಮಾತ್ರ ಒಳಗೆ ಹೋಗುತ್ತಲೇ ಇತ್ತು: ಧಣಿಯ ಬೈಗುಳ, ಡಬ್ಬಿ ನೆಲಕ್ಕೆ ಬಿದ್ದ ಟೊಳ್ಳು ಸದ್ದು, ಆಮೇಲೆ ಅಣ್ಣನ ಮಾತು.

"ನಡಿಯೋ ತಮ್ಮ, ಮನೆಗೆ ಹೋಗಣ."

"ತಮ್ಮಾನಾ?" ಮ್ಯಾನೇಜರ್‌ನ ಅಂಗೈ ಜಾರಿತು. "ಅಂದ್ರೆ ನೀವಿಬ್ರೂ..."

ಕ್ಯಾಮೆರಾದವನು ವಿಡಿಯೋ ಇದ್ದ ಚಿಪ್ ತೆಗೆದು ಬನಿಯನ್ನಿನೊಳಗೆ ಸೇರಿಸಿದ. ಕ್ಯಾಮೆರಾದ ಪಟ್ಟಿ ಹಿಡಿದು ಜಗ್ಗಿದ ಮ್ಯಾನೇಜರ್‌ನ ಕೈಯನ್ನು ಬೆರಳು ಬೆರಳಾಗಿ ಬಿಡಿಸಿದ. ಬಡಿಸುವವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಬೀದಿಯಲ್ಲಿ ಅಂಗಡಿಗಳು ಇನ್ನೂ ತೆರೆದಿದ್ದವು. ಅಣ್ಣ ನಾಲ್ಕು ಹೆಜ್ಜೆಗೊಮ್ಮೆ ನಿಂತು ನಡು ಹಿಡಿದುಕೊಳ್ಳುತ್ತಿದ್ದ. ಎರವಲು ಅಂಗಿಯ ಗುಂಡಿ ಬಿಚ್ಚಿಕೊಂಡ.

"ಬಂತೇನೋ ಅದು?"

"ಬಂತಣ್ಣ."

"ನಾನು ಕಾಣ್ತೀನಾ?"

"ಕಾಣ್ತೀಯ."

ಅಣ್ಣ ಹುಬ್ಬಿನ ಹಿಟ್ಟು ಒರೆಸಿಕೊಂಡ. "ಬೆಳಗ್ಗೆ ಆರಕ್ಕೆ ಮಗಳ ಪಾಳಿ. ಗೇಟಲ್ಲೇ ತಡೀತಾರೆ. ಅವಳಿಗೆ ಏನಂತ ಹೇಳ್ಲೋ?"

ತಮ್ಮ ಕ್ಯಾಮೆರಾವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ.

"ಹೇಳೋದ್ಯಾಕೆ? ತೋರ್ಸೋಣ ಬಾ."