ಒರತೆಯ ಬಳಿ ಆಡಿದ ಜಗಳ

ಮಾಲಿನೆಯೊ ಮತ್ತು ಪುಲೆಂಗ್ ಮೊತ್ಸ್ವಾಲೆಗಳಾದ, ಎಂದರೆ ಊರೆದುರು ಮಾತು ಕೊಟ್ಟು ಜೀವದ ಗೆಳತಿಯರಾದ ದಿನ ಇಡೀ ಊರು ಉಂಡಿತ್ತು. ಕುರಿ ಕೊಯ್ದವನು ಮಾಲಿನೆಯೊಳ ಗಂಡನೇ. ಚಿನ್ನದ ಗಣಿಯಿಂದ ರಜೆಗೆ ಬಂದಿದ್ದ ಅವನು ಪುಲೆಂಗಳನ್ನು ತೋರಿಸಿ, "ನಾನಿಲ್ದಾಗ ಕಂಬಳಿ ಬೆಚ್ಚಗಿಟ್ಟೋಳು ಇವಳೇ ನೋಡ್ರಪ್ಪಾ" ಎಂದಾಗ ಮುದುಕಿಯರೂ ನಕ್ಕರು. ಹೆಂಗಸರಿಬ್ಬರು ಎಲ್ಲರೆದುರು ತುಟಿಗೆ ತುಟಿ ಒತ್ತಿ ಮಾತು ಕೊಟ್ಟುಕೊಂಡರು. ಪಾದ್ರಿಗೆ ಮಾತ್ರ ಅಂದು ತಲೆನೋವು.

ಎರಡನೇ ಮಹಾಯುದ್ಧ ಮುಗಿದು ಮೂರು ವರ್ಷವಾಗಿತ್ತು. ಆಫ್ರಿಕದ ತೆಂಕಣ ತುದಿಯ ನಮ್ಮ ಬಸುಟೊಲ್ಯಾಂಡಿನ ಬಿಳಿಯ ಸರ್ಕಾರ ಚಿಲ್ಲರೆ ಒಡೆಯರನ್ನು ಒಬ್ಬೊಬ್ಬರಾಗಿ ಕೈಬಿಡುತ್ತಿತ್ತು. ನಮ್ಮೂರ ಒಡೆಯ ಲೆಬೊನಾನಿಗೆ ನಿದ್ದೆ ಹತ್ತಲಿಲ್ಲ. ಮದ್ದಿನವನು ಬಂದು, ಒಡೆತನ ಕಾಯುವ ಕೊಂಬಿನಲ್ಲಿರುವ ಮದ್ದು ಹಳಸಿದೆ, ಜೀವವಿರುವಾಗಲೇ ಕೊಯ್ದ ಹೆಣ್ಣಿನ ಮಾಂಸ ಬೆರೆಸಬೇಕೆಂದ. ಮಕ್ಕಳಿಲ್ಲದವಳಾದರೆ ಅಳುವವರು ಕಡಿಮೆ. ಪುಲೆಂಗ್‌ಗೆ ಮಕ್ಕಳಿರಲಿಲ್ಲ.

ಲೆಬೊನಾ ಮಾಲಿನೆಯೊಳನ್ನು ಕರೆಸಿದ. ಅಲ್ಲಿ ನಡೆದ ಮಾತು ನಮ್ಮ ಕಿವಿಗೆ ಬಿದ್ದದ್ದು ಆಮೇಲೆ, ಕೋರ್ಟಿನಲ್ಲಿ.

"ಶನಿವಾರ ಸಂಜೆ ಅವಳನ್ನ ಕಣಿವೆ ದಾರೀಲಿ ನಿಮ್ಮನೆಗೆ ಕರೆಸ್ಕೊ."

"ಒಡೆಯಾ, ಅವಳು ನನ್ನೋಳು."

"ಅದಕ್ಕೇ ನಿನಗೆ ಹೇಳ್ತಿರೋದು. ನೀನು ಕರೆದ್ರೆ ಒಲೆ ಮೇಲಿನ ಗಂಜಿ ಬಿಟ್ಟು ಓಡಿ ಬರ್ತಾಳೆ. ಅವಳಿಗೆ ಸುಳಿವು ಸಿಕ್ತೋ, ನಿನ್ನ ಮಗಳೂ ಆದೀತು ನಮಗೆ."

ಪುಲೆಂಗ್‌ಗೆ ಗುಟ್ಟು ಹೇಳುವುದೂ ಗುಡ್ಡ ಹತ್ತಿ ಕೂಗುವುದೂ ಒಂದೇ. ಅವಳಿಗೆ ಏನೂ ತಿಳಿಯದೆ, ಆದರೂ ಅವಳು ಬಾರದಂತೆ ಮಾಡಬೇಕು. ಮಾಲಿನೆಯೊ ಶುಕ್ರವಾರ ಬೆಳಿಗ್ಗೆ ಒರತೆಗೆ ಹೋಗಿ, ಊರಿನ ಹೆಂಗಸರೆಲ್ಲ ನೀರು ಮೊಗೆಯುತ್ತಿದ್ದಾಗ ಪುಲೆಂಗಳ ಮೇಲೆರಗಿದಳು.

"ಏ ಬರಡಿ! ಹೊಟ್ಟೇಲಿದ್ದ ಕೂಸುಗಳನ್ನೆಲ್ಲ ನುಂಗಿದ್ದು ಸಾಲ್ದು ಅಂತ ನನ್ನ ಮಗಳನ್ನೂ ನುಂಗೋಕೆ ಬರ್ತೀಯಾ? ನನ್ನ ಹೊಸ್ತಿಲು ತುಳಿದ್ರೆ ಕಾಲು ಮುರೀತೀನಿ!"

"ಅಬ್ಬಬ್ಬಾ, ಗಂಡ ಹೆಂಡಿರೂ ಹೀಗೆ ಕಿತ್ತಾಡಲ್ಲ ಕಣ್ರೇ," ಎಂದಳೊಬ್ಬಳು. ಪುಲೆಂಗ್ ತುಂಬದ ಕೊಡವನ್ನೇ ತಲೆಗೇರಿಸಿ ಮನೆಗೆ ಹೋದಳು.

ಮೊತ್ಸ್ವಾಲೆಗಳಲ್ಲಿ ಒಂದು ಕಟ್ಟಳೆಯಿದೆ. ಜಗಳವಾದರೆ, ಅದನ್ನು ಮುಗಿಸಲು ನೊಂದವಳೇ ಜೋಳದ ಹೆಂಡ ಹೊತ್ತು, ಒಬ್ಬಳೇ ಹೋಗಿ, ನೋಯಿಸಿದವಳಿಗೆ ಮೊದಲ ಗುಟುಕು ಕುಡಿಸಬೇಕು. ಇಂಥ ಬೈಗುಳದ ಮುಂದೆ ಆ ಕಟ್ಟಳೆ ನಿಲ್ಲಲಾರದೆಂದು ಮಾಲಿನೆಯೊ ಎಣಿಸಿದ್ದಳು.

ಶನಿವಾರ ಸಂಜೆ ಪುಲೆಂಗ್ ಗಡಿಗೆ ಎತ್ತಿಕೊಂಡಳು. ಅತ್ತೆ ಅಡ್ಡ ನಿಂತಳು. "ಅಷ್ಟು ಅನ್ನಿಸ್ಕೊಂಡೂ ಹೋಗ್ತೀಯಾ? ಮಾನಗೆಟ್ಟೋಳೇ!"

"ಅವಳಿಗೇನೋ ಆಗಿದೆ ಅತ್ತೆ. ಸುಮ್ಸುಮ್ನೆ ಹಾಗನ್ನೋಳಲ್ಲ."

ಕಣಿವೆಯಲ್ಲಿ ಕಾದಿದ್ದ ಲೆಬೊನಾನ ಆಳುಗಳು, ಮಾಲಿನೆಯೊ ಮಾತಿಗೆ ತಪ್ಪುವವಳಲ್ಲ ಎಂದುಕೊಂಡರು.

ಹೆಣ ಬಂಡೆಯ ಬುಡದಲ್ಲಿ ಸಿಕ್ಕಿತು. ತುಟಿಗಳಿರಲಿಲ್ಲ. ಜಗಳಕ್ಕೆ ಊರೇ ಸಾಕ್ಷಿಯಾಗಿದ್ದರಿಂದ ಪೊಲೀಸರು ಮಾಲಿನೆಯೊಳನ್ನು ಹಿಡಿದರು. ಗಂಡ ಮಗಳನ್ನು ಬೆಟ್ಟದಾಚೆ ತಂಗಿಯ ಮನೆಗೆ ಸಾಗಿಸಿದ.

ಮಾಲಿನೆಯೊಳ ಪರ ವಾದಿಸಲು ಸರ್ಕಾರ ಕೊಟ್ಟ ವಕೀಲ ಬುದ್ಧಿವಂತ. "ಜಗಳ ಆಡಿದ್ವಿ, ಆಮೇಲೆ ಅವಳ ಮುಖಾನೇ ನೋಡಿಲ್ಲ ಅನ್ನು. ಬೈದೋರನ್ನೆಲ್ಲ ನೇಣಿಗೆ ಹಾಕೋಕಾಗಲ್ಲ, ಮನೆಗೆ ಹೋಗ್ತೀಯ. ಜಗಳ ಸುಳ್ಳು ಅಂದ್ಯೋ, ಕೊಲೆ ಮೊದಲೇ ಗೊತ್ತಿತ್ತು ಅಂತ ಒಪ್ಪಿಕೊಂಡಂಗೆ."

ಮಸೇರುವಿನ ಕೋರ್ಟಿನಲ್ಲಿ ಸರ್ಕಾರಿ ವಕೀಲ ಕೇಳಿದ: "ಸತ್ತವಳನ್ನ ಕಂಡ್ರೆ ನಿನಗೆ ಆಗ್ತಿರಲಿಲ್ಲ, ಅಲ್ವಾ?"

ಹೌದು ಎಂದಿದ್ದರೆ ಸಾಕಿತ್ತು. ಎದುರಿಗೆ ಪುಲೆಂಗಳ ಅತ್ತೆ ಕೂತಿದ್ದಳು. ಮಾಲಿನೆಯೊ ಅವಳನ್ನೇ ನೋಡುತ್ತ, "ಆ ಜಗಳ ಸುಳ್ಳು," ಎಂದಳು. ಎಲ್ಲವನ್ನೂ ಹೇಳಿದಳು. ಅವಳ ವಕೀಲ ಕಣ್ಣು ಮುಚ್ಚಿಕೊಂಡ.

ನ್ಯಾಯಾಧೀಶನಿಗೆ ಆಶ್ಚರ್ಯ. "ಒಬ್ಬ ಗೆಳತಿಗೋಸ್ಕರ ಇಷ್ಟೆಲ್ಲಾನಾ?"

"ಗಂಡನಿಗಾಗಿದ್ರೆ ಇಷ್ಟು ಮಾಡ್ತಿರಲಿಲ್ಲ, ದೊರೆ."

ಕೋರ್ಟು ನಕ್ಕಿತು. ಗಂಡ ತನ್ನ ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ.

ಕೊಲೆಯಲ್ಲಿ ಪಾಲಿದ್ದವಳ ಬಾಯಿಮಾತೊಂದನ್ನೇ ನಂಬಿ ಇನ್ನೊಬ್ಬನನ್ನು ಶಿಕ್ಷಿಸಲಾಗದೆಂದು ಕಾನೂನು. ಲೆಬೊನಾ ಆ ಸಂಜೆ ಇಗರ್ಜಿಯಲ್ಲಿ ಹಾಡುತ್ತಿದ್ದನೆಂದು ಪಾದ್ರಿಯೇ ಸಾಕ್ಷಿ ಹೇಳಿದರು. ಅವನು ಕುದುರೆಯೇರಿ ಊರಿಗೆ ಮರಳಿದ. ಅವನ ಒಡೆತನವೂ ಉಳಿಯಿತು. ಕೊಲೆ ಮೊದಲೇ ಗೊತ್ತಿತ್ತೆಂದು ತಾನೇ ಒಪ್ಪಿಕೊಂಡ ಮಾಲಿನೆಯೊಗೆ ನೇಣು.

ಅವಳನ್ನು ಹೊರಗೆ ಕರೆದೊಯ್ಯುವಾಗ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಮಾಲಿನೆಯೊ ಪೊಲೀಸನನ್ನೂ ಎಳೆದುಕೊಂಡು ನಿಂತಳು. "ಅಮ್ಮಾ, ನೀವಾದ್ರೂ ನಂಬಿದ್ರಾ?"

"ನಂಬಿದೆ ಕಣೇ," ಎಂದಳು ಮುದುಕಿ. "ನಿಜವಾಗ್ಲೂ ನೀನು ಅವಳನ್ನ ದ್ವೇಷಿಸಿದ್ರೆ, ನನ್ನ ಸೊಸೆ ಮನೇಲೇ ಇರ್ತಿದ್ಲು."