ಬಲಗಣ್ಣಿನ ಕೆಲಸ

ಬುಧವಾರ ನನ್ನ ಅಕ್ಕ ಮಹತಿಯ ಎರಡೂ ಕಣ್ಣುಗಳನ್ನು ತೆಗೆಸುವುದೆಂದು ಎಲ್ಲರೂ ಒಪ್ಪಿಯಾಗಿತ್ತು. ಭಾನುವಾರ ಮಧ್ಯಾಹ್ನ, ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯ ಅಮ್ಮನ ಮನೆಯಲ್ಲಿ ಅಕ್ಕನೂ ಸೇರಿ ಎಲ್ಲರೂ ಊಟಕ್ಕೆ ಕೂತಾಗ ಅದೇ ಮಾತು. ತೀರ್ಮಾನ ವೆಂಕಟರಾಮ ಅಂಕಲ್‌ದು. ಮೈಸೂರಿನಲ್ಲಿ ಓದಿ, ಮೆಲ್ಬರ್ನ್‌ನಲ್ಲಿ ಮೂವತ್ತು ವರ್ಷ ಡಾಕ್ಟರಾಗಿದ್ದು ಈಗ ರಿಟೈರ್ ಆದವರು. ನಮ್ಮಲ್ಲಿ ಯಾರಿಗೆ ಕೆಮ್ಮು ಬಂದರೂ ಕೊನೆಯ ಮಾತು ಅವರದೇ.

ಅಕ್ಕನಿಗೆ ಹನ್ನೆರಡನೆಯ ವಯಸ್ಸಿನಿಂದ ಕಣ್ಣು ಕಾಣುವುದಿಲ್ಲ. ಈ ವರ್ಷ ಎಡಗಣ್ಣಿನಲ್ಲಿ ಒತ್ತಡ ಏರಿ, ಯಾವ ಔಷಧಿಗೂ ಬಗ್ಗದ ನೋವು. ಅದನ್ನು ತೆಗೆಯಲೇಬೇಕು, ನನ್ನ ತಕರಾರಿಲ್ಲ. ಆದರೆ ಬಲಗಣ್ಣು ನೋಯುತ್ತಿರಲಿಲ್ಲ.

"ನಾಳೆ ಅದೂ ನೋಯುತ್ತೆ," ಎಂದರು ಅಂಕಲ್. "ಒಂದೇ ಆಪರೇಶನ್‌ನಲ್ಲಿ ಎರಡೂ ಮುಗಿಸಿಬಿಡೋಣ. ಹೇಗಿದ್ರೂ ಕೆಲಸಕ್ಕೆ ಬಾರದ ಕಣ್ಣು."

"ಈಗಿನ ಕೃತಕ ಕಣ್ಣು ಎಷ್ಟು ಚೆನ್ನಾಗಿರುತ್ತಂತೆ," ಎಂದಳು ಅಮ್ಮ. "ಫೋಟೋದಲ್ಲಿ ಗೊತ್ತೇ ಆಗಲ್ಲ."

"ಬಲಗಣ್ಣು ಕೆಲಸ ಮಾಡ್ತಿದೆ ಅಂಕಲ್," ಎಂದೆ.

ಅವರು ನಕ್ಕರು. "ಲಕ್ಷ್ಮೀಶ, ನಿಂದು ಯಾವ ಮೆಡಿಕಲ್ ಕಾಲೇಜಪ್ಪಾ? ಹತ್ತನೇ ಕ್ಲಾಸು ಬಿಟ್ಟು ಕಿಟಕಿಗೆ ಬ್ಲೈಂಡ್ ಹಾಕೋರಿಗೂ ಡಿಗ್ರಿ ಕೊಡ್ತಾರಾ?"

ಹೌದು, ಸಿಡ್ನಿಯಲ್ಲಿ ಮನೆಮನೆಗೆ ಹೋಗಿ ಕಿಟಕಿಗೆ ಬ್ಲೈಂಡ್, ಅಂದರೆ ಬೆಳಕು ತಡೆಯುವ ಪರದೆ, ಹಾಕುವುದೇ ನನ್ನ ಕೆಲಸ. ಕೋಣೆಗೆ ಬೆಳಕು ಎಲ್ಲಿಂದ ಬರುತ್ತದೆ, ಎಲ್ಲಿ ಸೋರುತ್ತದೆ ಎಂಬುದು ನನಗೆ ಗೊತ್ತಿರುವಷ್ಟು ಆ ಮೇಜಿನ ಸುತ್ತ ಯಾರಿಗೂ ಗೊತ್ತಿರಲಿಲ್ಲ. ಆದರೂ ಮೊದಲು ನನ್ನ ತಪ್ಪನ್ನೇ ಹೇಳಿದೆ.

ಹೋದ ವರ್ಷ ಅಕ್ಕ ನನ್ನ ಜೊತೆ ಇರಲೆಂದು ಸಿಡ್ನಿಯ ನಾರ್ವೆಸ್ಟ್‌ನ ನನ್ನ ಫ್ಲ್ಯಾಟಿಗೆ ಬಂದಳು. ಎರಡು ಬೆಡ್‌ರೂಮು, ಜೊತೆಗೆ ಕಿಟಕಿಯಿಲ್ಲದ ಒಂದು ಪುಟ್ಟ ಕೋಣೆ. ಒಂದು ಬೆಡ್‌ರೂಮಿನಲ್ಲಿ ನಾನು, ಇನ್ನೊಂದರಲ್ಲಿ ರೆಂಟ್ ಹಂಚಿಕೊಂಡಿದ್ದ ಗೆಳೆಯ ಅಮೃತ್. ಪುಟ್ಟ ಕೋಣೆ ಅಕ್ಕನಿಗೆ. ಕಣ್ಣು ಕಾಣದವಳಿಗೆ ಕಿಟಕಿ ಯಾಕೆ? ಹಾಗೆ ಅಂದುಕೊಂಡವನು ನಾನೇ. ಅವಳದು ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವ ಕೆಲಸ, ಯಾವ ಹೊತ್ತಿನಲ್ಲಾದರೂ ಮಾಡಬಹುದು. ಹಗಲೂ ಅದೇ ಕೋಣೆ, ದೀಪ ಹಾಕುವ ಪ್ರಶ್ನೆಯೇ ಇಲ್ಲ.

ಅವಳ ನಿದ್ದೆ ಜಾರತೊಡಗಿತು. ಏಳು ಗಂಟೆಗೆ ಏಳುತ್ತಿದ್ದವಳು ವಾರದಲ್ಲಿ ಒಂಬತ್ತಕ್ಕೆ, ತಿಂಗಳಾಗುವಷ್ಟರಲ್ಲಿ ಸಂಜೆ ಐದಕ್ಕೆ. ಅಮ್ಮ ಫೋನಿನಲ್ಲಿ ಡಿಪ್ರೆಶನ್ ಎಂದಳು. ಅಂಕಲ್ ಮಾತ್ರೆ ಹೇಳಿದರು. ನಾನು ಅವಳು ಎದ್ದ ಹೊತ್ತನ್ನು ದಿನಾ ಬರೆದಿಟ್ಟೆ. ದಿನಕ್ಕೆ ಇಪ್ಪತ್ತು ನಿಮಿಷ, ಗೆರೆ ಎಳೆದ ಹಾಗೆ. ಖಿನ್ನತೆಗೆ ಇಷ್ಟು ಶಿಸ್ತು ಎಲ್ಲಿಂದ ಬರಬೇಕು?

ಕೆಲಸದ ವ್ಯಾನ್ ಓಡಿಸುತ್ತಾ, ನಿದ್ದೆಯ ಬಗ್ಗೆ ತಿಳಿದವರು ಆಡಿದ ಮಾತನ್ನೆಲ್ಲ ಇಂಟರ್ನೆಟ್ಟಿನಲ್ಲಿ ಹುಡುಕಿ ಕೇಳಿದೆ. ಎರಡು ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆಯೇ, ಮೆದುಳಿನ ಬುಡದಲ್ಲಿ, ಅಕ್ಕಿಕಾಳಿಗಿಂತ ಚಿಕ್ಕ ಗಡಿಯಾರವಿದೆ. ಎಚ್ಚರ ಯಾವಾಗ, ನಿದ್ದೆ ಯಾವಾಗ ಎಂದು ಮಿಕ್ಕ ಮೆದುಳಿಗೆ ತಿಳಿಸುವುದು ಅದು. ಅದರ ಪಾಡಿಗೆ ಬಿಟ್ಟರೆ ಅದರ ದಿನ ಇಪ್ಪತ್ನಾಲ್ಕು ಗಂಟೆಗಿಂತ ತುಸು ಉದ್ದ. ಅದನ್ನು ದಿನಾ ತಿದ್ದುವುದು ಬೆಳಕು. ಆ ಬೆಳಕನ್ನು ಹಿಡಿದು ಕಳಿಸುವ ಜೀವಕೋಶಗಳು ಕಣ್ಣಿನೊಳಗೇ ಇವೆ, ಆದರೆ ಅವು ನೋಡುವ ಕೋಶಗಳಲ್ಲ. ನೋಡುವವು ಸತ್ತರೂ ಕೆಲವರಲ್ಲಿ ಇವು ಬದುಕಿರುತ್ತವೆ.

ಅಮೃತ್ ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೆ, ಪೂರ್ವಕ್ಕೆ ಕಿಟಕಿಯಿದ್ದ ಅವನ ಕೋಣೆಯನ್ನು ಅಕ್ಕನಿಗೆ ಕೊಟ್ಟೆ. ಮೂರು ವಾರದಲ್ಲಿ ಅವಳ ಬೆಳಗು ಏಳಕ್ಕೆ ಬಂದು ನಿಂತಿತು.

"ಹಕ್ಕಿ ಕೂಗೋದು ಕೇಳಿಸಿರುತ್ತೆ," ಎಂದರು ಅಂಕಲ್. "ಹೊಸ ಕೋಣೆ, ಏನೋ ಖುಷಿ. ಎಲ್ಲಾ ಮನಸ್ಸು ಕಣೋ."

"ನಂಗೂ ಹಾಗೇ ಅನ್ನಿಸ್ತು. ಅದಕ್ಕೇ ಮಾರ್ಚ್‌ನಲ್ಲಿ ಆ ಕಿಟಕಿಗೆ ಬ್ಲ್ಯಾಕೌಟ್ ಬ್ಲೈಂಡ್ ಹಾಕ್ದೆ. ಅಂಚಲ್ಲೂ ಬೆಳಕು ಸೋರದ ಹಾಗೆ. ಕೋಣೆ ಅದೇ, ಹಕ್ಕಿ ಅದೇ. ಹದಿನಾಲ್ಕು ದಿನ ಮತ್ತೆ ಜಾರಿದ್ಲು, ದಿನಕ್ಕೆ ಇಪ್ಪತ್ತು ನಿಮಿಷ. ತೆಗೆದೆ, ವಾಪಸ್ ಬಂದ್ಲು."

ಅಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು.

"ಏನಂದೆ? ನನ್ನ ಕೋಣೆಗೆ ಬ್ಲೈಂಡ್ ಹಾಕಿದ್ಯಾ?"

"ಹೂಂ."

"ನಂಗೆ ಹೇಳ್ದೆ?"

"ಅಕ್ಕಾ..."

"ಮತ್ತೆ ಶುರುವಾಯ್ತು, ಹುಚ್ಚು ಹಿಡೀತಿದೆ ಅಂತ ಆ ಎರಡು ವಾರ ಬಾತ್‌ರೂಮಲ್ಲಿ ಕೂತು ಅತ್ತಿದೀನಿ ಕಣೋ, ಕತ್ತೆ!"

ಅಂಕಲ್ "ನೋಡಿದ್ಯಾ" ಎನ್ನುವಂತೆ ಅಮ್ಮನ ಕಡೆ ತಿರುಗಿದರು. ಅಷ್ಟರಲ್ಲಿ ಅಕ್ಕ ಅವರ ದನಿ ಬಂದ ಕಡೆಗೆ ಮುಖ ಮಾಡಿದಳು.

"ಅಂಕಲ್, ಬ್ಲೈಂಡ್ ಇದ್ದದ್ದು ನಂಗೆ ಗೊತ್ತೇ ಇರ್ಲಿಲ್ಲ. ಗೊತ್ತಿಲ್ಲದ್ದು ನನ್ನ ಮನಸ್ಸಿಗೆ ಹೇಗೆ ಗೊತ್ತಾಯ್ತು?"

ಅಂಕಲ್ ನೀರು ಕುಡಿದರು. "ಅಲ್ಲಮ್ಮಾ, ಈಗ ಎರಡಕ್ಕೂ ಸೈನ್ ಆಗಿದೆ..."

"ಸೈನ್ ಮಾಡಿದ್ದು ನಾನು. ತಿದ್ದೋಳೂ ನಾನೇ."

"ನಾಳೆ ನೋವು ಬಂದ್ರೆ ಏನೇ ಮಾಡ್ತೀಯ?" ಎಂದಳು ಅಮ್ಮ.

"ಬಂದ ದಿನ ಯೋಚ್ನೆ ಮಾಡ್ತೀನಮ್ಮ. ಬರದ ನೋವಿಗೆ ಹಗಲು ರಾತ್ರಿ ಕಳ್ಕೊಳ್ಳಲ್ಲ."

ಸೋಮವಾರ ಕಣ್ಣಿನ ಸರ್ಜನ್, ಅಕ್ಕ ಎದ್ದ ಹೊತ್ತು ಬರೆದಿಟ್ಟಿದ್ದ ನನ್ನ ಪಟ್ಟಿಯನ್ನು ಎರಡು ಸಲ ಓದಿದರು. ಅಕ್ಕನನ್ನು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಬಲಗಣ್ಣಿಗೆ ಜೋರು ಬೆಳಕು ಬಿಟ್ಟಾಗ ರಕ್ತದಲ್ಲಿ ನಿದ್ದೆಯ ಹಾರ್ಮೋನು ಇಳಿಯುತ್ತದೆಯೇ ಎಂದು ನೋಡುವ ಪರೀಕ್ಷೆ ಇದೆ, ಇಳಿದರೆ ಗಡಿಯಾರಕ್ಕೆ ಬೆಳಕು ಕಳಿಸುತ್ತಿರುವುದು ಆ ಕಣ್ಣೇ ಎಂದು ಅರ್ಥ, ಅದು ಆಗುವವರೆಗೆ ಆ ಕಣ್ಣನ್ನು ಯಾರೂ ಮುಟ್ಟುವುದಿಲ್ಲ ಎಂದರು. ನಿದ್ದೆಯ ಬಗ್ಗೆ ತಾವು ಕೇಳಬೇಕಿತ್ತು ಎಂದೂ ಹೇಳಿದರು. ಕೇಳಬೇಕಿತ್ತಂತೆ! ಇನ್ನು ಎರಡು ದಿನ ತಡವಾಗಿದ್ದರೆ? ಅವರು ಒಪ್ಪಿಗೆ ಪತ್ರದಲ್ಲಿದ್ದ 'ಎರಡೂ' ಎಂಬುದನ್ನು ಹೊಡೆದುಹಾಕಿ 'ಎಡ' ಎಂದು ಬರೆದು, ಜೋರಾಗಿ ಓದಿ ಹೇಳಿದರು. ಅಕ್ಕ ಸಹಿ ಹಾಕಿದಳು.

ಲಿಫ್ಟಿನಲ್ಲಿ ಅವಳು ನನ್ನ ತೋಳು ಹಿಡಿಯಲಿಲ್ಲ.

"ಇನ್ನೂ ಕೋಪಾನಾ?" ಎಂದೆ.

"ಹೂಂ. ಹೇಳಿ ಹಾಕ್ಬೇಕಿತ್ತು."

"ಹೇಳಿದ್ರೆ ಅದು ಪುರಾವೆ ಆಗ್ತಿರ್ಲಿಲ್ಲ."

"ಗೊತ್ತು ಕಣೋ," ಎಂದಳು. "ಅದಕ್ಕೇ ಇಷ್ಟು ಕೋಪ."